ನಿಮಗಿದು ಗೊತ್ತೇ? ರಿಂಗಾಗುವ ಮೊದಲೇ ನಂಬರ್ ಬಂದಿರುತ್ತದೆ!

ಮೊಬೈಲ್ ರಿಂಗಾಗುವ ಮೊದಲೇ ಕರೆ ಮಾಡಿದವರ ನಂಬರ್ ಫೋನಿಗೆ ತಲುಪಿರುತ್ತದೆ. ಕರೆ ಜೋಡಿಸಲು ಟವರ್ ಕಳಿಸುವ ಸಂದೇಶದಲ್ಲೇ ಅದು ಇರುತ್ತದೆ. ಗಂಟೆ ಬಾರಿಸುವುದು ಆಮೇಲಿನ ಕೆಲಸ. ಕರೆ ಎತ್ತದಿದ್ದರೂ ನಂಬರ್ ಉಳಿಯುವುದು ಇದರಿಂದಲೇ.

ಬೆಂಗಳೂರಿನ ಜಿಪ್‌ಡಯಲ್ ಕಂಪನಿ 2010ರಲ್ಲಿ ಹುಟ್ಟಿದ್ದೇ ಈ ಗುಟ್ಟಿನ ಮೇಲೆ. ಜಾಹೀರಾತಿನ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಕಂಪನಿಗೆ ನಿಮ್ಮ ನಂಬರ್ ಸಿಗುತ್ತಿತ್ತು. ಎಸ್ಸೆಮ್ಮೆಸ್ಸೋ ಕರೆಯೋ ವಾಪಸ್ ಬರುತ್ತಿತ್ತು. ಇಂಟರ್ನೆಟ್ ಬೇಡ, ಕರೆನ್ಸಿಯೂ ಖರ್ಚಾಗದು. 2015ರ ಜನವರಿಯಲ್ಲಿ ಟ್ವಿಟರ್ ಇದನ್ನು ಕೊಂಡುಕೊಂಡಿತು. ನಮ್ಮ ಮಿಸ್ಡ್ ಕಾಲ್ ಜಾಣತನಕ್ಕೆ ಸಿಕ್ಕ ದೊಡ್ಡ ಮನ್ನಣೆಯೆಂದೇ ನಾನು ಇದನ್ನು ಎಣಿಸುತ್ತೇನೆ.



ಬಂದ ನಂಬರ್ ಯಾವ ದೇಶದ್ದೆಂದೂ ಗುರುತಿಸಬಹುದು. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ಮನೆ ಬಾಡಿಗೆಗೆ ಕೊಡುವವರು ಬಹಳ. ಅಂಥವರಿಗೆ ಉಪಯೋಗವಾಗುವ ಮಾತು: +81 ಎಂದರೆ ಜಪಾನ್, +44 ಎಂದರೆ ಬ್ರಿಟನ್. ಆದರೆ +1 ಬಂದರೆ ಅಮೆರಿಕವೇ ಎನ್ನುವಂತಿಲ್ಲ, ಕೆನಡಾ, ಜಮೈಕಾಗಳಿಗೂ ಅದೇ. ಮುಂದಿನ ಮೂರು ಅಂಕಿ ನೋಡಬೇಕು. 212 ನ್ಯೂಯಾರ್ಕ್, 416 ಟೊರಾಂಟೊ, 876 ಜಮೈಕಾ.

ಇದೇ ಬಡಾವಣೆಯ ಹಳೆಯ ಮನೆಯೊಂದರ ಡೈರಿ ತೆರೆಯಿರಿ. ಲ್ಯಾಂಡ್‌ಲೈನ್ ನಂಬರುಗಳು 0821 ಇಲ್ಲದೆ ಬರೀ ಏಳು ಅಂಕಿಯಲ್ಲಿರುತ್ತವೆ. ಊರೊಳಗೆ ಅಷ್ಟೇ ಸಾಕಿತ್ತಲ್ಲ. ಅದನ್ನು ಹಾಗೇ ಮೊಬೈಲಿಗೆ ಸೇರಿಸಿದರೆ ತಾಪತ್ರಯ ಶುರು. ಎರಡು ನಂಬರ್ ಒಂದೇ ಹೌದೋ ಅಲ್ಲವೋ ಎಂದು ಹೋಲಿಸುವ ಆಂಡ್ರಾಯ್ಡ್‌ನ ಹಳೆಯ ಕ್ರಮ ಕೊನೆಯ 7 ಅಂಕಿಗಳನ್ನು ತಾಳೆ ನೋಡುತ್ತಿತ್ತು. ಹುಬ್ಬಳ್ಳಿಯ 0836ರಲ್ಲೂ, ಮಂಗಳೂರಿನ 0824ರಲ್ಲೂ ಅವೇ ಏಳು ಅಂಕಿಗಳ ನಂಬರ್ ಇರಬಹುದು. ಅಲ್ಲಿಂದ ಕರೆ ಬಂದರೆ ಪರದೆಯ ಮೇಲೆ ಪಕ್ಕದ ಬೀದಿಯ ಚಿಕ್ಕಮ್ಮನ ಹೆಸರು! +91 ಸೇರಿಸಿ, ಎಸ್‌ಟಿಡಿ ಕೋಡ್‌ನ ಮುಂದಿನ ಸೊನ್ನೆ ಬಿಟ್ಟು ಪೂರ್ತಿ ನಂಬರ್ ಉಳಿಸಿದರೆ ಈ ಗೊಂದಲವಿಲ್ಲ.

ಆ್ಯಪ್‌ಗಳಿಗೆ ಕರೆ ಮಾಡಿದವರ ನಂಬರ್ ಸುಲಭಕ್ಕೆ ದಕ್ಕುವುದಿಲ್ಲ. 2018ರ ಆಂಡ್ರಾಯ್ಡ್ 9ರಿಂದ ಫೋನಿನ ಸ್ಥಿತಿ ತಿಳಿಯುವ ಅನುಮತಿಯೊಂದೇ ಸಾಲದು, ಕಾಲ್ ಲಾಗ್ ಓದುವ ಅನುಮತಿಯೂ ಬೇಕಾಯಿತು. ಇಲ್ಲದಿದ್ದರೆ ಕರೆ ಬಂದದ್ದು ತಿಳಿದರೂ ನಂಬರ್ ಜಾಗ ಖಾಲಿ. ಆಂಡ್ರಾಯ್ಡ್ 10ರಲ್ಲಿ ಇನ್ನೂ ಒಳ್ಳೆಯ ದಾರಿ ಬಂತು: ಕರೆ ಸೋಸುವ ಹೊಣೆಯನ್ನು ನೀವೇ ಆರಿಸಿದ ಒಂದೇ ಆ್ಯಪ್‌ಗೆ ಒಪ್ಪಿಸಬಹುದು. ಟಾರ್ಚ್ ಆ್ಯಪ್ ಕಾಲ್ ಲಾಗ್ ಕೇಳಿದರೆ ದಯವಿಟ್ಟು ಕೊಡಬೇಡಿ. ನೀವು ಯಾವ ಡಾಕ್ಟರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಫೋನ್ ಮಾಡಿದಿರಿ ಎನ್ನುವುದೆಲ್ಲ ಅದರಲ್ಲಿದೆ.

ಐಫೋನ್ ಇನ್ನೂ ಬಿಗಿ. 2016ರಲ್ಲಿ ಬಂದ ವ್ಯವಸ್ಥೆಯಲ್ಲಿ ಆ್ಯಪ್ ತನ್ನ ನಂಬರ್ ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಮುಂಚೆಯೇ ಫೋನಿಗೆ ಕೊಟ್ಟಿರಬೇಕು. ಹುಡುಕುವುದು ಫೋನು, ಯಾರು ಕರೆದರೆಂದು ಆ್ಯಪ್‌ಗೆ ತಿಳಿಯುವುದೇ ಇಲ್ಲ!

ಕರೆ ಮಾಡಿದವರ ಹೆಸರು ತೋರಿಸುವ ಟ್ರೂಕಾಲರ್ ಆ್ಯಪ್ ಸ್ವೀಡನ್ನಿನದು, 2009ರದು. ಅದರಲ್ಲಿ ಕಾಣುವ ಹೆಸರು ಬಳಕೆದಾರರು ಒದಗಿಸಿದ್ದು. 2024ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಶಿಫಾರಸು ಮಾಡಿದ ವ್ಯವಸ್ಥೆಯಲ್ಲಿ ಕಾಣಬೇಕಾದದ್ದು ಸಿಮ್ ಅರ್ಜಿಯಲ್ಲಿರುವ ಹೆಸರು. ಅಪ್ಪನ ಹೆಸರಲ್ಲಿ ಸಿಮ್ ಪಡೆದ ಮಗಳು ಕರೆ ಮಾಡಿದರೆ ಅಪ್ಪನ ಹೆಸರೇ ಬರಬಹುದು.

ತೋರಿದ ನಂಬರ್ ನಿಜವೇ ಆಗಿರಬೇಕೆಂದಿಲ್ಲ. ವಿದೇಶದಿಂದ ಬಂದರೂ ಭಾರತದ ನಂಬರಿನಂತೆ ಕಾಣುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ಶುರುವಾದ 24 ಗಂಟೆಯಲ್ಲಿ ಸಿಕ್ಕಿಬಿದ್ದ ಸುಳ್ಳು ಕರೆಗಳು ಸುಮಾರು 1.35 ಕೋಟಿ! ಅನುಮಾನ ಬಂದರೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ದೂರು ಕೊಡಿ, ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.