ದುಡಿಮೆಯ ಅವಧಿ, ದೇಹದ ಮಿತಿ

ಸುಬ್ರಹ್ಮಣ್ಯಪುರದ ನಮ್ಮ ಚಿಕಿತ್ಸಾಲಯಕ್ಕೆ ಮೂವತ್ತೈದರ ಪ್ರಾಯದ ತಂತ್ರಾಂಶ ಉದ್ಯೋಗಿಯೊಬ್ಬರು ಹುಳಿತೇಗು, ತಲೆನೋವುಗಳಿಗೆ ಔಷಧ ಬೇಡಿ ಬಂದರು. ಪರೀಕ್ಷಿಸಿದಾಗ ರಕ್ತದೊತ್ತಡ 150/100 ಇತ್ತು. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟವರು ಮರಳುವುದು ರಾತ್ರಿ ಒಂಬತ್ತಕ್ಕೆ. ಊಟವಾದೊಡನೆ ಹೊರದೇಶದ ಸಹೋದ್ಯೋಗಿಗಳೊಡನೆ ಮತ್ತೆರಡು ಗಂಟೆ ಸಭೆ. “ಮಗಳೊಡನೆ ಮಾತು ಭಾನುವಾರ ಮಾತ್ರ” ಎಂದರು. ಅವರ ರೋಗದ ಮೂಲ ಜಠರದಲ್ಲಿರಲಿಲ್ಲ, ದಿನಚರಿಯಲ್ಲಿತ್ತು.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. 2023ರಲ್ಲಿ ಉದ್ಯಮಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ ಐ.ಟಿ. ಕ್ಷೇತ್ರದ ದುಡಿಮೆಯನ್ನು ದಿನಕ್ಕೆ 12 ಗಂಟೆ ಮೀರಿಯೂ ವಿಸ್ತರಿಸುವ ಪ್ರಸ್ತಾವ ಬಂದಾಗ ನೌಕರರ ಸಂಘಟನೆ ಪ್ರತಿಭಟಿಸಿತು.

ವೈದ್ಯನಾದವನು ಇಲ್ಲಿ ನೋಡಬೇಕಾದುದು ದೇಹವನ್ನು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ 2021ರ ಅಧ್ಯಯನದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಅಧಿಕ.

ಆಹಾರ, ನಿದ್ರೆ, ಬ್ರಹ್ಮಚರ್ಯಗಳೆಂಬ ಮೂರು ಊರೆಗೋಲುಗಳ ಮೇಲೆ ಶರೀರ ನಿಂತಿದೆ ಎನ್ನುತ್ತದೆ ಚರಕ ಸಂಹಿತೆ. ರಾತ್ರಿ ಜಾಗರಣೆ ದೇಹವನ್ನು ಒಣಗಿಸಿ ವಾತವನ್ನು ಕೆರಳಿಸುತ್ತದೆ. ತಡೆಯಬಾರದ ಹದಿಮೂರು ವೇಗಗಳಲ್ಲಿ ಹಸಿವು, ಬಾಯಾರಿಕೆ, ಮೂತ್ರ, ನಿದ್ರೆಗಳೂ ಸೇರಿವೆ. ಸಭೆ ಮುಗಿಯಲೆಂದು ಕಾಯುವ ಉದ್ಯೋಗಿ ಈ ನಾಲ್ಕನ್ನೂ ನಿತ್ಯ ತಡೆಯುತ್ತಾನೆ.

ಹೆಚ್ಚು ಹೊತ್ತು ಕುಳಿತರೆ ಕೆಲಸದಲ್ಲಿ ತನ್ಮಯತೆ ಹೆಚ್ಚುವುದೇ? ಮೊದಲನೆಯ ಮಹಾಯುದ್ಧ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್, 70 ಗಂಟೆಗಳ ಉತ್ಪಾದನೆ 56 ಗಂಟೆಗಳದಕ್ಕಿಂತ ಅಷ್ಟೇನೂ ಹೆಚ್ಚಿರಲಿಲ್ಲವೆಂದು ಕಂಡರು. ದಣಿದ ಮನಸ್ಸು ಆಸನದಲ್ಲಿರಬಹುದು, ಕೆಲಸದಲ್ಲಿರದು. ಕಾಯದಿಂದ ನಡೆಯುವುದು ಕಾಯಕ. ಕಾಯವೇ ಕುಸಿದರೆ ಕಾಯಕವೆಲ್ಲಿ, ದಾಸೋಹವೆಲ್ಲಿ?

ದುಡಿಮೆಯ ಅವಧಿ ಎಲ್ಲರ ಕೈಯಲ್ಲಿಲ್ಲ. ಆದರೂ ಕೆಲವನ್ನು ಪಾಲಿಸಬಹುದು. ರಾತ್ರಿಯ ಊಟ ಎಂಟರೊಳಗೆ ಮುಗಿಯಲಿ. ಕಚೇರಿಯಲ್ಲೇ ಇರಬೇಕಾದರೆ ಬುತ್ತಿ ಒಯ್ಯಿರಿ. ರಾತ್ರಿ ನಿದ್ರೆಗೆಟ್ಟರೆ, ಕೆಟ್ಟ ಅವಧಿಯ ಅರ್ಧದಷ್ಟನ್ನು ಮರುದಿನ ಬೆಳಗ್ಗೆ ಉಣ್ಣುವ ಮೊದಲು ನಿದ್ರಿಸಬೇಕೆಂದು ವಾಗ್ಭಟ ವಿಧಿಸಿದ್ದಾನೆ. ವಾರಕ್ಕೊಮ್ಮೆ ಎಳ್ಳೆಣ್ಣೆಯ ಅಭ್ಯಂಗ ಹಿತಕರ. ಮೂವತ್ತು ದಾಟಿದವರು ರಕ್ತದೊತ್ತಡ ಪರೀಕ್ಷಿಸಿಕೊಳ್ಳಲಿ. ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸದಿರಲಿ. ಎದೆನೋವು, ಒಂದು ಪಕ್ಕದ ಬಲಹೀನತೆ, ಮಾತಿನ ತೊದಲು ಕಂಡರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿರಿ.

ಮೊದಲು ಹೇಳಿದ ಉದ್ಯೋಗಿಯನ್ನು ಹೃದ್ರೋಗ ತಜ್ಞರಲ್ಲಿಗೆ ಕಳುಹಿಸಿದೆ. ಅವರು ಮೇಲಧಿಕಾರಿಗಳೊಡನೆ ಮಾತನಾಡಿ ರಾತ್ರಿಯ ಸಭೆಗಳನ್ನು ವಾರಕ್ಕೆರಡಕ್ಕೆ ಇಳಿಸಿಕೊಂಡರು. ಮೂರು ತಿಂಗಳ ಬಳಿಕ ಮಾತ್ರೆಯೊಡನೆ ಒತ್ತಡ 130/84ಕ್ಕೆ ಬಂದಿತ್ತು. ಆ ದಿನ ಮಗಳೂ ಜೊತೆಗಿದ್ದಳು.