ಹಾವು ಹಾಲು ಕುಡಿಯುವುದೇ? ಕೇಳಿದ್ದನ್ನು ವಿಚಾರಿಸದೆ ನಂಬುವುದೇಕೆ?

ಗದ್ದೆಯ ಬದು, ಕಬ್ಬಿನ ತೋಟ, ಹುಲ್ಲಿನ ಬಣವೆ, ಸೌದೆಯ ರಾಶಿ, ದನದ ಕೊಟ್ಟಿಗೆ - ಇಲಿ ಇರುವೆಡೆಯಲ್ಲೆಲ್ಲ ಹಾವು ಬರುತ್ತದೆ. ರೈತನಿಗೆ ಇಷ್ಟು ಹತ್ತಿರದಲ್ಲಿ ಬಾಳುವ ಕಾಡುಜೀವಿಗಳು ಕಡಿಮೆ. ಆದರೂ ಹಾವಿನ ಬಗೆಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರಾವ ಪ್ರಾಣಿಯ ಬಗೆಗೂ ಇರಲಾರದು. ಕೇರೆ ಹಾವು ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ. ಕೇರೆಯೂ ನಾಗರವೂ ಕೂಡುತ್ತವೆ. ಮಣ್ಣುಮುಕ್ಕ ಹಾವಿಗೆ ಎರಡು ತಲೆ. ಪೆಟ್ಟು ತಿಂದ ಹಾವು ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ. ಮಂತ್ರದಿಂದ ವಿಷ ಇಳಿಯುತ್ತದೆ. ಈ ಮಾತುಗಳನ್ನು ಕೇಳದೆ ಬೆಳೆದವರು ನಮ್ಮ ಹಳ್ಳಿಗಳಲ್ಲಿ ಯಾರಿದ್ದಾರೆ?

ಇವನ್ನು ನಂಬುವವರು ದಡ್ಡರೇನಲ್ಲ. ಬಿತ್ತನೆ ಬೀಜವನ್ನು ಅಂಗೈಯಲ್ಲಿ ಹಿಡಿದು ನೋಡಿ ಕೊಳ್ಳುವವರು, ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸಿದ ಮೇಲೆಯೇ ಹಣ ಕೊಡುವವರು. ಸಂತೆಯಲ್ಲಿ ಇಷ್ಟು ಎಚ್ಚರದಿಂದಿರುವ ರೈತ ಹಾವಿನ ಮಾತು ಬಂದಾಗ ಒಂದು ಪ್ರಶ್ನೆಯನ್ನೂ ಹಾಕದೆ ಒಪ್ಪಿಬಿಡುತ್ತಾನೆ. ಇದಕ್ಕೆ ಕಾರಣಗಳನ್ನು ತಿಳಿದುಕೊಳ್ಳುವುದು ಅಗತ್ಯ. ಏಕೆಂದರೆ ಇದು ಕಟ್ಟೆಯ ಮೇಲಿನ ಹರಟೆಯ ವಿಷಯವಲ್ಲ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅಂದರೆ ವರ್ಷಕ್ಕೆ ಸರಾಸರಿ 58,000 ಸಾವು. ಬಹುಪಾಲು ಹಳ್ಳಿಯವರೇ. ಇದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ನಮ್ಮ ಮುಂಗಾರಿನ ಕೆಲಸದ ದಿನಗಳಲ್ಲಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಇಂತಹ ಕಡೆ ತಪ್ಪು ತಿಳಿವಳಿಕೆಗೆ ತೆರುವ ಬೆಲೆ ಒಂದು ಪ್ರಾಣವೇ ಆಗಬಹುದು.

ಕಂಡದ್ದು ಅರ್ಧ, ಊಹಿಸಿದ್ದು ಅರ್ಧ

ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಪೂರಾ ಸುಳ್ಳಿನಿಂದ ಹುಟ್ಟುವುದಿಲ್ಲ. ಕಣ್ಣಿಗೆ ಕಂಡ ಒಂದು ನಿಜದ ಜೊತೆಗೆ ಊಹೆಯೊಂದು ಸೇರಿಕೊಂಡು ಹುಟ್ಟುತ್ತವೆ. ಆದ್ದರಿಂದಲೇ ಅವು ಗಟ್ಟಿ.

ಹಾಲಿನ ಮಾತನ್ನೇ ನೋಡಿ. ಕೊಟ್ಟಿಗೆಯಲ್ಲಿ ಕೇರೆ ಹಾವು ಕಂಡದ್ದು ನಿಜ. ಆ ವಾರ ಹಸು ಹಾಲು ಕಡಿಮೆ ಕೊಟ್ಟದ್ದೂ ನಿಜ. ಮೊಲೆತೊಟ್ಟಿನ ಮೇಲೆ ಗಾಯವಿದ್ದದ್ದೂ ನಿಜವಿರಬಹುದು. ಈ ಮೂರನ್ನೂ ಜೋಡಿಸಿದ ದಾರ ಮಾತ್ರ ನಮ್ಮ ಊಹೆ. ಹಾವಿನ ಬಾಯಿಗೆ ಮೊಲೆ ಚೀಪುವ ತುಟಿಯಾಗಲಿ ಕೆನ್ನೆಯಾಗಲಿ ಇಲ್ಲ. ಇರುವುದು ಹಿಂದಕ್ಕೆ ಬಾಗಿದ ಚೂಪಾದ ಹಲ್ಲುಗಳು. ಅವು ಕೆಚ್ಚಲಿಗೆ ತಗುಲಿದರೆ ಹಸು ಸುಮ್ಮನೆ ನಿಂತೀತೇ? ಸೊಳ್ಳೆ ಕಚ್ಚಿದರೂ ಕಾಲು ಒದರುವ ಪ್ರಾಣಿ ಅದು. ಕೇರೆ ಕೊಟ್ಟಿಗೆಗೆ ಬರುವುದು ಇಲಿಗಾಗಿ. ಇಲಿ ಬರುವುದು ಹಿಂಡಿ, ಬೂಸಾಗಳಿಗಾಗಿ.

ಹಾಗಾದರೆ ಹಾಲು ಏಕೆ ಇಳಿಯಿತು? ಮೇವು ಬದಲಾಗಿರಬಹುದು, ಬಿಸಿಲಿನ ಝಳ ಹೆಚ್ಚಿರಬಹುದು, ಕರು ಹಾಕಿ ಬಹಳ ತಿಂಗಳಾಗಿರಬಹುದು. ಮುಖ್ಯವಾಗಿ ಕೆಚ್ಚಲು ಬಾವು ಇರಬಹುದು. ಪರೀಕ್ಷೆ ಸುಲಭ. ಪ್ರತಿಯೊಂದು ಮೊಲೆಯಿಂದಲೂ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಹಾಲು ನೀರಾಗಿದ್ದರೆ, ಗರಣೆಯೋ ರಕ್ತವೋ ಕಂಡರೆ, ಕೆಚ್ಚಲು ಬಿಸಿಯಾಗಿ ಗಡುಸಾಗಿದ್ದರೆ ಕೂಡಲೇ ಪಶುವೈದ್ಯರನ್ನು ಕಾಣಿರಿ. ಹಾವಿನ ಮೇಲೆ ತಪ್ಪು ಹೊರಿಸಿದವರಿಗೆ ನಷ್ಟ ಎರಡು ಬಗೆಯದು. ರೋಗ ಬಲಿತು ಒಂದು ಮೊಲೆ ಬತ್ತಿಹೋದೀತು. ಇಲಿ ಹಿಡಿಯುತ್ತಿದ್ದ ಕೇರೆಯೂ ದೊಣ್ಣೆಗೆ ಬಲಿಯಾದೀತು.

ಕೇರೆ ಮತ್ತು ನಾಗರ ಕೂಡುವ ಮಾತೂ ಹೀಗೆಯೇ. ಎರಡು ಹಾವುಗಳು ಹೆಣೆದುಕೊಂಡು ಮೇಲೇಳುವುದನ್ನು ನೀವು ಕಂಡಿರಬಹುದು. ಕಂಡದ್ದು ಸುಳ್ಳಲ್ಲ. ಆದರೆ ಸಾಮಾನ್ಯವಾಗಿ ಅವೆರಡೂ ಗಂಡು ಕೇರೆಗಳು. ಬೆದೆಯ ಕಾಲದಲ್ಲಿ ಒಂದನ್ನೊಂದು ನೆಲಕ್ಕೆ ಅದುಮಲು ನಡೆಸುವ ಕುಸ್ತಿ ಅದು. ದೂರದಿಂದ ನೋಡಿದವರು ಸರಸವೆಂದುಕೊಂಡರು, ಅಷ್ಟೇ.

ಹೇಳಿದವರು ನಮ್ಮವರು

ಎರಡನೆಯ ಕಾರಣ, ಮಾತು ಬರುವ ದಾರಿ. ಅಜ್ಜಿ ಹೇಳಿದ್ದು, ಯಜಮಾನರು ಹೇಳಿದ್ದು, ಮೇಷ್ಟರು ಹೇಳಿದ್ದು. ಇವರು ನಮಗೆ ಕೆಟ್ಟದ್ದನ್ನು ಬಯಸುವವರಲ್ಲ. ಪ್ರಶ್ನಿಸಿದರೆ ಅವರಿಗೆ ಅಗೌರವವಾದೀತೆಂಬ ಅಳುಕು ನಮಗೆ. ಅವರು ಒಳ್ಳೆಯವರೆಂಬುದು ಬೇರೆ, ಅವರಿಗೆ ಆ ಸಂಗತಿ ನೇರವಾಗಿ ಗೊತ್ತೆಂಬುದು ಬೇರೆ. ಅವರೂ ಇನ್ನೊಬ್ಬರಿಂದ ಕೇಳಿದವರೇ. ಬಾಯಿಂದ ಬಾಯಿಗೆ ಬಂದ ಮಾತಿಗೆ ನೂರು ಜನ ಸಾಕ್ಷಿಗಳಿದ್ದರೂ ಕಣ್ಣಾರೆ ಕಂಡವನು ಒಬ್ಬನೂ ಇಲ್ಲದಿರಬಹುದು.

ಹಾಗೆಂದು ಹಳೆಯ ಮಾತುಗಳಷ್ಟೇ ತಪ್ಪು, ಅಚ್ಚಾದದ್ದೆಲ್ಲ ಸರಿ ಎಂದು ತಿಳಿಯಬೇಡಿ. ಹಾವು ಕಚ್ಚಿದ ಕಡೆ ಮೇಲೆ ಬಿಗಿಯಾಗಿ ಹಗ್ಗ ಕಟ್ಟಬೇಕು, ಬ್ಲೇಡಿನಿಂದ ಕೊಯ್ದು ರಕ್ತ ಹರಿಸಬೇಕು, ಬಾಯಿಂದ ವಿಷ ಹೀರಬೇಕು ಎಂಬುದು ಹಿಂದೆ ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲೇ ಇತ್ತು. ಸಿನಿಮಾಗಳಲ್ಲೂ ಕಂಡಿದ್ದೇವೆ. ಈಗ ಇವು ಮೂರೂ ಹಾನಿಕರವೆಂದು ಗೊತ್ತಾಗಿದೆ. ಬಿಗಿಯಾಗಿ ಕಟ್ಟಿದ ಕಾಲಿಗೆ ರಕ್ತ ಹರಿಯದೆ ಅದು ಕೊಳೆಯಬಹುದು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಕೊಯ್ದ ಗಾಯ ನಿಲ್ಲದೆ ಸೋರುತ್ತದೆ. ಒಳಗಿಳಿದ ವಿಷ ಹೀರಿದರೆ ಹೊರಬರುವುದಿಲ್ಲ.

ಉಳಿದವರ ಲೆಕ್ಕ ಉಂಟು, ಹೋದವರ ಲೆಕ್ಕ ಇಲ್ಲ

ಮಂತ್ರ ಮತ್ತು ವಿಷದ ಕಲ್ಲಿನ ಮೇಲಿನ ನಂಬಿಕೆಗೆ ಮೂರನೆಯ ಕಾರಣವೇ ಆಧಾರ. ಇದನ್ನು ಸಾವಧಾನವಾಗಿ ಗಮನಿಸಿರಿ.

ನಮ್ಮ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕಚ್ಚಿದಾಗಲೂ ಪ್ರತಿಸಲವೂ ವಿಷ ಇಳಿಸುವುದಿಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 54 ಲಕ್ಷ ಜನರಿಗೆ ಹಾವು ಕಚ್ಚುತ್ತದೆಂದೂ, ವಿಷವೇರುವುದು 18ರಿಂದ 27 ಲಕ್ಷ ಜನರಿಗೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಂದರೆ ಕಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ವಿಷವೇ ಏರಿರುವುದಿಲ್ಲ.

ಒಬ್ಬ ಮಂತ್ರವಾದಿಯ ಬಳಿಗೆ ಹತ್ತು ಜನ ಬಂದರೆಂದು ಇಟ್ಟುಕೊಳ್ಳಿ. ಅವರಲ್ಲಿ ಆರು ಮಂದಿಗೆ ವಿಷವೇ ಏರಿಲ್ಲ. ಮಂತ್ರ ಹಾಕಲಿ, ಹಾಕದಿರಲಿ, ಅವರು ಬದುಕುವವರೇ. ಮನೆಗೆ ನಡೆದುಕೊಂಡು ಹೋಗುತ್ತಾರೆ, ತೆಂಗಿನಕಾಯಿ ಕೊಟ್ಟು ಕೈ ಮುಗಿಯುತ್ತಾರೆ, ಹತ್ತೂರಿಗೆ ಸುದ್ದಿ ಹೇಳುತ್ತಾರೆ. ಸತ್ತವನು ಮಾತ್ರ ಸಾಕ್ಷಿ ಹೇಳಲು ಬರುವುದಿಲ್ಲ. ಅವನ ಮನೆಯವರು ಹಣೆಬರಹವೆನ್ನುತ್ತಾರೆ, ತಡವಾಗಿ ಬಂದೆವೆನ್ನುತ್ತಾರೆ. ಹೀಗೆ ಗೆಲುವು ಮಂತ್ರದ ಖಾತೆಗೆ, ಸೋಲು ವಿಧಿಯ ಖಾತೆಗೆ. ಒಂದೇ ಕಡೆ ಬರೆಯುವ ಇಂತಹ ಲೆಕ್ಕದ ಪುಸ್ತಕವನ್ನು ನಿಮ್ಮ ಸಹಕಾರ ಸಂಘದಲ್ಲಿ ನೀವು ಒಪ್ಪುವಿರಾ?

ಹೆದರಿಕೆ ಮತ್ತು ಆಸೆ

ಹೆದರಿದ ಮನಸ್ಸು ವಿಚಾರ ಮಾಡುವುದಿಲ್ಲ. ಹೊಡೆದ ಹಾವು ಹಗೆ ಸಾಧಿಸುತ್ತದೆಂಬ ಮಾತು ಉಳಿದಿರುವುದು ಈ ಹೆದರಿಕೆಯಿಂದ. ಒಂದು ಹಾವು ಸತ್ತ ಜಾಗಕ್ಕೆ ಇನ್ನೊಂದು ಬರುವುದುಂಟು. ಕಾರಣ, ಇಲಿ ಮತ್ತು ಬಿಲ ಅಲ್ಲಿಯೇ ಉಳಿದಿರುತ್ತವೆ. ಬೆದೆಯ ಕಾಲದಲ್ಲಿ ಹೆಣ್ಣಿನ ವಾಸನೆಯ ಜಾಡು ಹಿಡಿದು ಗಂಡು ಬರುವುದೂ ಉಂಟು. ಮನುಷ್ಯನ ಮುಖವನ್ನು ನೆನಪಿಟ್ಟು ಹುಡುಕಿ ಬರುವ ಶಕ್ತಿ ಹಾವಿಗಿಲ್ಲ.

ಆಸೆಯೂ ಹಾಗೆಯೇ. ಮಣ್ಣುಮುಕ್ಕ ಹಾವಿನ ಬಾಲ ತಲೆಯಂತೆಯೇ ಮೊಂಡಾಗಿರುತ್ತದೆ. ಶತ್ರು ಎದುರಾದಾಗ ತಲೆಯನ್ನು ಅಡಗಿಸಿಕೊಂಡು ಬಾಲವನ್ನು ಒಡ್ಡುವ ಉಪಾಯ ಅದರದು. ಇದನ್ನೇ ಎರಡು ತಲೆಯೆಂದು ಕರೆದು, ಮನೆಯಲ್ಲಿದ್ದರೆ ನಿಧಿ ಸಿಗುತ್ತದೆ, ಲಕ್ಷಗಟ್ಟಲೆ ಬೆಲೆ ಬರುತ್ತದೆ ಎಂದು ನಂಬಿಸುವವರಿದ್ದಾರೆ. ನಂಬಿದವನಿಗೆ ದೊರೆಯುವುದು ನಿಧಿಯಲ್ಲ, ಮೊಕದ್ದಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ.

ತಿದ್ದಿಕೊಳ್ಳುವುದೇ ವಿಜ್ಞಾನದ ಗುಣ

ವಿಜ್ಞಾನಿಗಳು ಎಂದೂ ತಪ್ಪುವುದಿಲ್ಲವೇ ಎಂದು ನೀವು ಕೇಳಬಹುದು. ತಪ್ಪುತ್ತಾರೆ. ಹಾವಿಗೆ ಹೊರಗಿವಿಯೂ ಕಿವಿಯ ತಮಟೆಯೂ ಇಲ್ಲವಾದ್ದರಿಂದ ಅದು ಪೂರಾ ಕಿವುಡೆಂದು ಬಹುಕಾಲ ಪಾಠ ಹೇಳುತ್ತಿದ್ದರು. ಆದರೆ ಅದಕ್ಕೆ ಒಳಗಿವಿ ಇದೆ. ಗಾಳಿಯಲ್ಲಿ ಬರುವ ತಗ್ಗು ದನಿಗಳಿಗೂ ಹಾವುಗಳು ಪ್ರತಿಕ್ರಿಯೆ ತೋರುತ್ತವೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ತಿಳಿದುಬಂತು. ಪಾಠ ತಿದ್ದಲ್ಪಟ್ಟಿತು. ಹಾಗೆಂದು ಪುಂಗಿಯ ರಾಗಕ್ಕೆ ನಾಗರ ತಲೆದೂಗುತ್ತದೆಂದಲ್ಲ. ಅದು ಹಾವಾಡಿಗನ ಕೈ ಮತ್ತು ಪುಂಗಿಯ ಚಲನೆಯನ್ನು ಹಿಂಬಾಲಿಸುತ್ತದೆ.

ಹಿರಿಯರ ಅನುಭವವನ್ನು ಕಡೆಗಣಿಸಬೇಕೆಂಬುದು ಇಲ್ಲಿನ ಅಭಿಪ್ರಾಯವಲ್ಲ. ತಮಿಳುನಾಡಿನ ಇರುಳ ಜನಾಂಗದವರು ತಲೆತಲಾಂತರದಿಂದ ಹಾವು ಹಿಡಿಯುವುದರಲ್ಲಿ ನಿಪುಣರು. 1978ರಲ್ಲಿ ಅವರು ಚೆನ್ನೈ ಸಮೀಪ ಸಹಕಾರ ಸಂಘವನ್ನು ಕಟ್ಟಿಕೊಂಡು, ಹಾವುಗಳಿಂದ ವಿಷ ತೆಗೆದು ಪ್ರತಿವಿಷ ತಯಾರಿಕೆಗೆ ಒದಗಿಸುತ್ತ ಬಂದರು. ಪ್ರತಿದಿನವೂ ಕೆಲಸದಲ್ಲಿ ಪರೀಕ್ಷೆಗೆ ಒಳಗಾದ ಇಂತಹ ತಿಳಿವಳಿಕೆಗೆ ವಿಜ್ಞಾನ ತಲೆಬಾಗುತ್ತದೆ.

ಪರೀಕ್ಷೆಗಳಲ್ಲಿಯೂ ವ್ಯತ್ಯಾಸವಿದೆ. ಬೇವಿನ ಸೊಪ್ಪು ಅಗಿಸಿ, ಕಹಿ ತಿಳಿದರೆ ವಿಷವಿಲ್ಲವೆನ್ನುವುದು ಹಳ್ಳಿಯ ಪರೀಕ್ಷೆ. ಹೆದರಿ ಬಾಯಿ ಒಣಗಿದವನಿಗೆ ರುಚಿ ಏನು ತಿಳಿದೀತು? ಆಸ್ಪತ್ರೆಯ ಪರೀಕ್ಷೆಯೂ ಸರಳವೇ. ಸ್ವಲ್ಪ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿದೆಯೆಂದು ಅರ್ಥ. ಹೆಪ್ಪುಗಟ್ಟಿದರೂ ನಾಗರ, ಕಟ್ಟುಹಾವುಗಳ ವಿಷ ಇರಬಹುದಾದ್ದರಿಂದ ವೈದ್ಯರು ರೋಗಿಯ ರೆಪ್ಪೆ, ಉಸಿರುಗಳನ್ನು ಗಮನಿಸುತ್ತಲೇ ಇರುತ್ತಾರೆ. ತನ್ನ ಪರೀಕ್ಷೆಗೆ ಎಲ್ಲಿ ಮಿತಿಯಿದೆಯೆಂದು ತಿಳಿದಿರುವುದೂ ವಿಜ್ಞಾನದ ಗುಣವೇ.

ಯಾವುದೇ ಮಾತನ್ನು ಒಪ್ಪುವ ಮುನ್ನ

ಹಾವಿನ ಮಾತಿರಲಿ, ಗೊಬ್ಬರದ ಮಾತಿರಲಿ, ಮೊಬೈಲಿನಲ್ಲಿ ಬಂದ ಸುದ್ದಿಯಿರಲಿ, ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಇದನ್ನು ಕಣ್ಣಾರೆ ಕಂಡವರು ಯಾರು? ಕಂಡದ್ದೆಷ್ಟು, ಊಹಿಸಿದ್ದೆಷ್ಟು?
2. ಹಾಗೆ ಮಾಡದವರಿಗೆ ಏನಾಯಿತು? ಹೋಲಿಸಿ ನೋಡಲು ಮತ್ತೊಂದು ತಾಕು ಇದೆಯೇ?
3. ಫಲಿಸದೆ ಹೋದ ಸಲಗಳನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆಯೇ?
4. ನಾವು ನಂಬಿದರೆ ಲಾಭ ಯಾರಿಗೆ? ಮಾತು ಸುಳ್ಳಾದರೆ ನಷ್ಟ ಯಾರಿಗೆ?

ಹೀಗೆ ಕೇಳುವುದರಿಂದ ಹಿರಿಯರಿಗೆ ಅಗೌರವವಾಗದು. ಹಲ್ಲು ಎಣಿಸಿದ ಮಾತ್ರಕ್ಕೆ ಎತ್ತು ಮಾರುವವನು ಮುನಿಸಿಕೊಳ್ಳುವುದಿಲ್ಲವಷ್ಟೆ.

ಹಾವು ಕಚ್ಚಿದಾಗ

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ - ಈ ನಾಲ್ಕೂ ಹಾವುಗಳ ವಿಷಕ್ಕೆ ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ಚುಚ್ಚುಮದ್ದೇ ಮದ್ದು. ಇದನ್ನು ಆಸ್ಪತ್ರೆಯಲ್ಲಿಯೇ ಕೊಡಬೇಕು.

* ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ ಮಲಗಿಸಿರಿ. ಓಡುವುದು, ನಡೆಯುವುದು ಬೇಡ.
* ಉಂಗುರ, ಬಳೆ, ಗಡಿಯಾರ, ಕಾಲುಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಿರಿ.
* ಮೂಳೆ ಮುರಿದಾಗ ಮಾಡುವಂತೆ ಕೈ ಅಥವಾ ಕಾಲಿಗೆ ದಬ್ಬೆ ಇಟ್ಟು, ಅಲುಗದಂತೆ ಸಡಿಲವಾಗಿ ಕಟ್ಟಿರಿ.
* ಬಿಗಿ ಕಟ್ಟು, ಕೊಯ್ಯುವುದು, ಹೀರುವುದು, ಮಂಜುಗಡ್ಡೆ, ಸೊಪ್ಪಿನ ರಸ - ಯಾವುದೂ ಬೇಡ.
* ಹಾವನ್ನು ಹಿಡಿಯಲು ಅಥವಾ ಕೊಲ್ಲಲು ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿರಿ, ಇಲ್ಲವೆ ಸಿಕ್ಕ ವಾಹನದಲ್ಲಿ ಪ್ರತಿವಿಷ ಇರುವ ಆಸ್ಪತ್ರೆಗೆ ಹೊರಡಿರಿ.
* ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚುತ್ತದೆ. ನೋವು, ಗುರುತು ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲಾಗದಿರುವುದು ಕಂಡರೆ ತಡಮಾಡಬೇಡಿ.

ರಾತ್ರಿ ನೀರು ಹಾಯಿಸಲು ಹೋಗುವಾಗ ಬ್ಯಾಟರಿ, ಕಾಲಿಗೆ ಬೂಟು, ಕೈಯಲ್ಲಿ ಕೋಲು ಇರಲಿ. ಬರಿನೆಲದ ಮೇಲೆ ಮಲಗದೆ ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಳ್ಳಿ. ಸೌದೆ, ಬೆರಣಿಗಳನ್ನು ಮನೆಯ ಗೋಡೆಗೆ ಒತ್ತಿ ಪೇರಿಸಬೇಡಿ.

ಮಂತ್ರದ ಮನೆಯಲ್ಲಿ ಕಳೆಯುವ ಒಂದು ಗಂಟೆ, ಆಸ್ಪತ್ರೆಯಲ್ಲಿ ಪ್ರಾಣ ಉಳಿಸಬಹುದಾಗಿದ್ದ ಗಂಟೆ. ನಿಮ್ಮ ಊರಿಗೆ ಹತ್ತಿರದಲ್ಲಿ ಪ್ರತಿವಿಷ ದೊರೆಯುವ ಆಸ್ಪತ್ರೆ ಯಾವುದೆಂದು ಈ ಮುಂಗಾರಿನ ಬಿತ್ತನೆಗೆ ಮೊದಲೇ ವಿಚಾರಿಸಿ, ಮನೆಯವರೆಲ್ಲರಿಗೂ ತಿಳಿಸಿಡಿ.