ಪಾಲಾರ್: ಕೋಡಿಯಿಂದ ಕೋಡಿಗೆ ಹರಿಯುವ ನದಿ

ಮಲೆನಾಡಿನ ಬೆಳೆಗಾರ ಬಾಂಧವರಿಗೆ ಹೊಳೆಯೆಂದರೆ ತುಂಗೆ, ಭದ್ರೆ, ಹೇಮಾವತಿ. ಬೇಸಿಗೆಯಲ್ಲಿ ಸೊರಗಿದರೂ ಹೊಳೆ ಹೊಳೆಯಾಗಿಯೇ ಇರುತ್ತದೆ. ಆದರೆ ಬಂಗಾರಪೇಟೆ, ಕೋಲಾರ ಚಿನ್ನದ ಗಣಿಯ ಕಡೆ ಹೋದವರಿಗೆ ಪಾಲಾರ್ ನದಿ ಇದೇ ಎಂದು ತೋರಿಸುವುದು ಕಷ್ಟ. ಬಹುಪಾಲು ವರ್ಷಗಳಲ್ಲಿ ಕಾಣುವುದು ಮರಳು, ಜಾಲಿ, ಅಲ್ಲಲ್ಲಿ ಒಂದೊಂದು ಕೆರೆ.

ಈ ಕೆರೆಗಳೇ ನದಿ ಎಂದರೂ ತಪ್ಪಾಗದು. ಪಾಲಾರ್ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುತ್ತದೆಂಬುದು ವಾಡಿಕೆಯ ಮಾತು. ಕೋಲಾರ ಜಿಲ್ಲೆಯಲ್ಲಿ ವರ್ಷದ ಮಳೆ ಸುಮಾರು 30 ಇಂಚು. ನಮ್ಮಲ್ಲಿ ಒಂದೇ ತಿಂಗಳಲ್ಲಿ ಅಷ್ಟು ಸುರಿಯುವ ತೋಟಗಳಿವೆ. ಆದ್ದರಿಂದ ಅಲ್ಲಿನ ಹಿಂದಿನವರು ಹಳ್ಳ ಕಂಡಲ್ಲೆಲ್ಲ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಅದೂ ತುಂಬಿದರೆ ಮುಂದಿನದಕ್ಕೆ. ಸಾಲಿನ ಕೆರೆಗಳೆಲ್ಲ ತುಂಬಿದ ವರ್ಷವೇ ನದಿಯೂ ಹರಿಯುವುದು.

ಈ ಸಾಲಿನಲ್ಲಿ ಹೆಸರಾದದ್ದು ಬೇತಮಂಗಲದ ಕೆರೆ. ಚಿನ್ನದ ಗಣಿಗೂ ಅಲ್ಲಿನ ಕಾರ್ಮಿಕರ ಕಾಲೋನಿಗಳಿಗೂ ಇಲ್ಲಿಂದಲೇ ಪಂಪಿನ ಮೂಲಕ ನೀರು ಹೋಗುತ್ತಿತ್ತು. ಗಣಿ 2001ರಲ್ಲಿ ಮುಚ್ಚಿತು. ಕೆಳಗೆ ರಾಮಸಾಗರದ ಕೆರೆ, ಆಮೇಲೆ ಆಂಧ್ರದ ಕುಪ್ಪಂ ಸೀಮೆ. ಬಂಗಾರಪೇಟೆ ತಾಲ್ಲೂಕಿನ ನೀರೆಲ್ಲ ಇತ್ತ ಬರುತ್ತದೆಂದು ತಿಳಿಯಬಾರದು. ಬೂದಿಕೋಟೆ ಕಡೆಯದು ಮಾರ್ಕಂಡೇಯ ನದಿಯನ್ನು ಸೇರಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ.

ಪಾಲಾರಿನ ಒಟ್ಟು ಉದ್ದ 348 ಕಿಲೋಮೀಟರು: ಕರ್ನಾಟಕದಲ್ಲಿ 93, ಆಂಧ್ರದಲ್ಲಿ 33, ತಮಿಳುನಾಡಿನಲ್ಲಿ 222. ವಾಣಿಯಂಬಾಡಿ, ಆಂಬೂರು, ವೇಲೂರು ದಾಟಿ, ಕಾಂಚೀಪುರದ ಹತ್ತಿರ ಹಾದು ಚೆನ್ನೈಗೆ ದಕ್ಷಿಣದಲ್ಲಿ ಸಮುದ್ರ ಸೇರುತ್ತದೆ. ಒಣ ನದಿಯೆಂದು ಹಗುರಾಗಿ ನೋಡುವಂತಿಲ್ಲ. 1903ರ ನವೆಂಬರಿನಲ್ಲಿ ವಾಣಿಯಂಬಾಡಿ ಇದರ ಪ್ರವಾಹಕ್ಕೆ ಸಿಕ್ಕಿ ಬಹಳ ಜನ ಸತ್ತರು. 2021ರ ನವೆಂಬರಿನಲ್ಲಿ ಬೇತಮಂಗಲ ಕೋಡಿ ಬಿದ್ದು, ಪಾಲಾರ್ ದಡ ಮೀರಿ ಹರಿಯಿತು.

ನಮಗೂ ಈ ನದಿಗೂ ಒಂದು ಹಳೆಯ ನಂಟಿದೆ. 1892ರಲ್ಲಿ ಮೈಸೂರು ಸಂಸ್ಥಾನವೂ ಮದರಾಸು ಸರ್ಕಾರವೂ ಮಾಡಿಕೊಂಡ ಒಪ್ಪಂದದ ಪ್ರಕಾರ, ಪಟ್ಟಿಯಲ್ಲಿರುವ ನದಿಗಳಿಗೆ ಮದರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ಆ ಪಟ್ಟಿಯಲ್ಲಿ ತುಂಗೆ, ಭದ್ರೆ, ಹೇಮಾವತಿ, ಯಗಚಿಗಳ ಜೊತೆಗೆ ಪಾಲಾರೂ ಇದೆ. ಮೇಲಿನವರು ತಡೆದರೆ ಕೆಳಗಿನವರಿಗಿಲ್ಲ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಒಂದು ಕೊಳವೆಬಾವಿ ಒಣಗಿದರೆ ಇನ್ನೊಂದು ಕೊರೆಸುವ ರೈತನಿಗೆ ಎರಡು ಕಡೆಯೂ ಒಂದೇ ಪಾಡು.

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ್ದ ಕೆಲವು ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತಿದೆ. ಮೂರನೆಯ ಹಂತದ ಶುದ್ಧಿಯೂ ಆಗಲೇಬೇಕೆಂದು ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ.